ನಿಲ್ಲು ಅನ್ನುವ ತನಕ

ನನ್ನ ಅಂಗಡಿಯಲ್ಲಿ ದೊಡ್ಡ ಗಾಜು ಹೊರುವುದಕ್ಕೆ ಒಂದು ಕಟ್ಟಳೆ ಇದೆ. ನಮ್ಮಪ್ಪ ಹಾಕಿದ್ದು, ನಾನು ಬದಲಾಯಿಸಿಲ್ಲ. ಆಳೆತ್ತರದ ಹಾಳೆಯನ್ನು ಇಬ್ಬರು ಹಿಡಿಯಬೇಕು. ಒಬ್ಬರು ಹಿಮ್ಮುಖವಾಗಿ ಹೆಜ್ಜೆ ಇಡುತ್ತಾರೆ, ಅವರಿಗೆ ದಾರಿ ಕಾಣುವುದಿಲ್ಲ. ಇನ್ನೊಬ್ಬರು ಮುಂದೆ ನೋಡಿಕೊಂಡು ಬರುತ್ತಾರೆ, ಅವರು ಕೂಗಬೇಕು: ಬಾ, ಎತ್ತು, ಮೆಟ್ಟಿಲು, ಎಡಕ್ಕೆ, ನಿಲ್ಲು. ಕೂಗುವವರು ಒಬ್ಬರೇ. ಪಕ್ಕದಲ್ಲಿ ಅಂಗಡಿಯ ಯಜಮಾನಿಯೇ ನಿಂತಿರಲಿ, ನಡುವೆ ಬಾಯಿ ಹಾಕುವ ಹಾಗಿಲ್ಲ. ಹಿಮ್ಮುಖ ನಡೆಯುವವರು ತಿರುಗಿ ನೋಡುವ ಹಾಗಿಲ್ಲ. ಕತ್ತು ತಿರುಗಿದರೆ ಹೆಗಲು ತಿರುಗುತ್ತದೆ, ಹೆಗಲು ತಿರುಗಿದರೆ ಗಾಜು ತಿರುಚಿಕೊಳ್ಳುತ್ತದೆ. ಆಮೇಲೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಅಂಗೈ ಮೇಲಿನ ಗಾಯದ ಗೆರೆಯೇ ಸಾಕು. 'ನಿಲ್ಲು' ಅನ್ನುವ ತನಕ ಕಾಲು ನಿಲ್ಲಬಾರದು. ಇಷ್ಟೇ ಕಟ್ಟಳೆ. ಇದನ್ನು ಮನೆಗೆ ತೆಗೆದುಕೊಂಡು ಹೋಗಿ ಸಂಸಾರ ಮಾಡಿ ಅಂತ ನಮ್ಮಪ್ಪ ಯಾರಿಗೂ ಹೇಳಿರಲಿಲ್ಲ.

ಹಾಗೆ ಸಂಸಾರ ಮಾಡಿದವಳಿಗೆ ಅಂಗಡಿಯವರು ಇಟ್ಟ ಹೆಸರು ಬಾಯಮ್ಮ. ಅವಳ ಗಂಡ ನನ್ನಲ್ಲಿ ಗಾಜು ಹೊರುತ್ತಿದ್ದ. ಜೊತೆಗೆ ಹಿಡಿಯಲು ಬಂದ ಗಂಡಸರೆಲ್ಲ ಕೈ ಕೊಯ್ದುಕೊಂಡು ಓಡಿಹೋಗುತ್ತಿದ್ದರು. ಒಂದು ದಿನ ಊಟದ ಡಬ್ಬಿ ಕೊಡಲು ಬಂದವಳು, ಗಂಡ ಒಬ್ಬನೇ ಒದ್ದಾಡುತ್ತಿರುವುದನ್ನು ನೋಡಿ, ತೋಳು ಮೇಲೇರಿಸಿ ಇನ್ನೊಂದು ತುದಿ ಹಿಡಿದೇಬಿಟ್ಟಳು. "ಬಾ" ಅಂದಳು. ಅವನು ಬಂದ. "ಹೆಂಗಸು ಗಾಜು ಹೊರೋದಾ?" ಅಂತ ಗಿರಾಕಿಯೊಬ್ಬ ಹುಬ್ಬು ಹಾರಿಸಿದ. "ಹಾಗಾದ್ರೆ ನೀವು ಹಿಡ್ಕೊಳ್ಳಿ, ಬನ್ನಿ" ಅಂದೆ. ತೆಪ್ಪಗಾದ. ಅವಳ ಗಂಟಲು ಅಂದರೆ ಗಂಟಲು. 'ನಿಲ್ಲು' ಅಂದರೆ ಬೀದಿಯ ಆ ತುದಿಯಲ್ಲಿ ಸೈಕಲ್ ಹೊಡೆಯುತ್ತಿದ್ದವನೂ ಕಾಲು ಊರುತ್ತಿದ್ದ. ಗಂಡ ಎಲ್ಲರ ಮುಂದೆ ನಗುತ್ತಿದ್ದ. "ಮನೇಲೂ ಇವಳದ್ದೇ ಬಾಯಿ ಅಕ್ಕಾ, ನಂದೇನಿದ್ರೂ ಬೆನ್ನು." ಅವಳೂ ನಗುತ್ತಿದ್ದಳು, ಆದರೆ ಆ ನಗು ಹಲ್ಲಿನಿಂದ ಒಳಗೆ ಹೋಗುತ್ತಿರಲಿಲ್ಲ. ನನಗೆ ಕಣ್ಣಿದೆ, ಕಾಣಿಸುತ್ತಿತ್ತು.

ಮೂರನೆಯವನು ಡೈಮಂಡ್. ಗಾಜು ಕೊಯ್ಯುವ ಉಪಕರಣಕ್ಕೆ ನಾವು ಹಾಗನ್ನುತ್ತೇವೆ. ಅದನ್ನು ಸದಾ ಕಿವಿಯ ಮೇಲೆ ಸಿಕ್ಕಿಸಿಕೊಂಡಿರುತ್ತಿದ್ದ ನಮ್ಮ ಕಟಿಂಗಿನವನಿಗೂ ಅದೇ ಹೆಸರು ಅಂಟಿಕೊಂಡಿತು. ಬಾಯಮ್ಮನ ಗಂಡನಿಗೆ ಚಡ್ಡಿ ದೋಸ್ತಿ. ಬಾಯಮ್ಮನಿಗೂ ಇವನಿಗೂ ಒಂದೇ ವಯಸ್ಸು, ಆದರೂ ದೋಸ್ತಿಯ ಹೆಂಡತಿ ಅಂತ "ಅತ್ತಿಗೆ, ನೀವು" ಅಂತಲೇ ಮಾತಾಡಿಸುತ್ತಿದ್ದ. ಮಧ್ಯಾಹ್ನ ಮೂವರೂ ಗಾಜು ಕೊಯ್ಯುವ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಡಬ್ಬಿ ಬಿಚ್ಚಿ, ಒಬ್ಬರದನ್ನೊಬ್ಬರು ಕಿತ್ತುಕೊಂಡು ತಿನ್ನುತ್ತಿದ್ದರು.

ಮೊದಲು ಕಳೆದುಕೊಂಡವನು ಡೈಮಂಡ್. ಅವನ ಹೆಂಡತಿಗೆ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಮಾಡಿದರೂ ಕಷ್ಟ, ಮಾಡದಿದ್ದರೂ ಕಷ್ಟ, ನೀವೇ ಹೇಳಿ ಅಂದರಂತೆ ಡಾಕ್ಟರು. ಇವನು ಮಾಡಿ ಅಂದ. ಅವಳು ಮೇಜಿನ ಮೇಲೆಯೇ ಹೋದಳು. ಅವತ್ತಿನಿಂದ ಇವನು ಮನೆಯಲ್ಲಿ ಗೋಡೆಗೆ ಒರಗಿ ಕೂತವನು ಏಳಲಿಲ್ಲ. ಯಾರು ಹೋಗಿ ಸಮಾಧಾನ ಹೇಳಿದರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೊನೆಗೆ ಬಾಯಮ್ಮ ಹೋದಳು, ಸಮಾಧಾನದ ಮಾತೇ ಆಡಲಿಲ್ಲ. ಬಾಗಿಲಲ್ಲಿ ನಿಂತು ಗಾಜು ಹೊರುವಾಗ ಕೂಗುವ ಹಾಗೆ ಕೂಗಿದಳು: "ಏಳು. ಮುಖ ತೊಳಿ. ಅಂಗಿ ಹಾಕ್ಕೋ. ಬಾ." ಇವನು ಎದ್ದ, ಮುಖ ತೊಳೆದ, ಅಂಗಿ ಹಾಕಿಕೊಂಡ, ಬಂದ. ಪಕ್ಕದಲ್ಲಿದ್ದ ಅವಳ ಗಂಡ, "ನೋಡಿದ್ಯಾ, ನಿಂಗೂ ಬಾಯಿ ಸಿಕ್ತು" ಅಂತ ನಕ್ಕನಂತೆ. ಪಾಪ, ನಗಲಿ ಬಿಡಿ, ಅವನ ನಗು ಮುಗಿಯುತ್ತ ಬಂದಿತ್ತು.

ಹೊಸದಾಗಿ ಕಟ್ಟುತ್ತಿದ್ದ ದೊಡ್ಡ ಕಟ್ಟಡವೊಂದರ ಮೇಲಿನ ಮಹಡಿಗೆ ಕಿಟಕಿ ಗಾಜು. ಮೆಟ್ಟಿಲು ಅರ್ಧಕ್ಕೆ ಹತ್ತಿದ ಮೇಲೆ ಎಡಕ್ಕೆ ತಿರುಗಬೇಕು. ಆ ತಿರುವಿನಲ್ಲಿ ಇನ್ನೂ ಕಂಬಿ ಹಾಕಿರಲಿಲ್ಲ, ಅಂಚಿನಿಂದಾಚೆ ಬರೀ ಗಾಳಿ. ಗಂಡ ಹಿಮ್ಮುಖವಾಗಿ ಹತ್ತುತ್ತಿದ್ದ, ಬಾಯಮ್ಮ ಕೆಳತುದಿ ಹಿಡಿದು ಕೂಗುತ್ತಿದ್ದಳು, ಡೈಮಂಡ್ ಸಾಮಾನಿನ ಚೀಲ ಹೊತ್ತು ಅವರ ಹಿಂದೆ ಇದ್ದ. ತಿರುವಿನಲ್ಲಿ ಗಂಡ ಕತ್ತು ತಿರುಗಿಸಿ ನೋಡಿದ. ಗಾಜು ತಿರುಚಿಕೊಂಡು ಗೋಡೆಯ ಮೂಲೆಗೆ ಬಡಿದು ಒಡೆಯಿತು. ಒಂದು ತುಂಡು ಅವನ ಕುತ್ತಿಗೆಗೆ ಹೊಕ್ಕಿತು. ಆಸ್ಪತ್ರೆ ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಿಲ್ಲು ಅಂದೆ. ನಂಬಲಿಲ್ಲ. ತಿರುಗಿ ನೋಡ್ದ." ಕೇಳಿದವರಿಗೆಲ್ಲ ಬಾಯಮ್ಮ ಹೇಳಿದ್ದು ಇಷ್ಟೇ. ಡೈಮಂಡ್‌ನನ್ನು ಕೇಳಿದರು. "ಹೂಂ, ಅತ್ತಿಗೆ ಹೇಳಿದ ಹಾಗೇನೇ" ಅಂದ, ನೆಲ ನೋಡಿಕೊಂಡು. ನಾನೂ ನಂಬಿದೆ. ಅವಳು ಅಳಲಿಲ್ಲ. ಸತ್ತವನ ಮೇಲೆ ಹಲ್ಲು ಕಡಿದಳು. "ನನ್ನ ಮಾತಿನ ಮೇಲೆ ನಂಬಿಕೆ ಇದ್ದಿದ್ರೆ ಬದುಕಿರ್ತಿದ್ದ. ಇಷ್ಟು ವರ್ಷ ನನ್ನ ಮಾತಲ್ಲಿ ನಡೆದು, ಕೊನೇಗೆ ನಂಬಲಿಲ್ಲ ನೋಡಿ ಅಕ್ಕಾ" ಅನ್ನುತ್ತಿದ್ದಳು. ಕೇಳಿ ಕೇಳಿ ನನಗೆ ಸಾಕಾಗಿ ಹೋಯಿತು.

ಅಂಗಡಿಯ ಮೇಲಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟೆ. ಅಲ್ಲಿ ಬಾಗಿಲು ಹಾಕಿಕೊಂಡು ಬಿದ್ದಳು. ಡೈಮಂಡ್ ದಿನಾ ಊಟ ತಂದು ಬಾಗಿಲಲ್ಲಿಟ್ಟು ಇಳಿದು ಬರುತ್ತಿದ್ದ, ಇಟ್ಟದ್ದು ಹಾಗೇ ಹಳಸುತ್ತಿತ್ತು. ಒಂದು ದಿನ ಬಾಗಿಲು ತೆರೆಯಿತು. "ಒಳಗೆ ಬಾ. ಕೂತ್ಕೋ. ತಿನ್ನು" ಅಂದಳು. ಅವನು ಅವಳಿಗೆ ತಂದ ಊಟವನ್ನು ತಾನೇ ತಿಂದ. ಅವಳು ನೋಡುತ್ತ ಕೂತಳು. ಅವನ ಊಟ ಮುಗಿಯುವ ಹೊತ್ತಿಗೆ ಅವಳಿಗೂ ಹಸಿವಾಯಿತಂತೆ. ಮಾರನೆಯ ದಿನ ಕೆಳಗಿಳಿದು ಬಂದಳು. ಕಟಿಂಗ್ ಬಿಟ್ಟು ಇವನೇ ಅವಳ ಮುಂದೆ ನಿಂತ.

"ಅತ್ತಿಗೆ, ನಾನು ಬೆನ್ನಾಗ್ತೀನಿ. ನೀವು ಕೂಗಿ."

"ತಿರುಗಿದ್ರೆ?"

"ತಿರುಗಲ್ಲ."

"ಅವನೂ ಹಾಗೇ ಅಂದಿದ್ದ. ಮೊದಲು ಈ ಅತ್ತಿಗೆ ಅನ್ನೋದು ಬಿಡು."

"ಮತ್ತೆ ಏನನ್ನಲಿ?"

"ಏನೂ ಅನ್ಬೇಡ. ಕರೆದಾಗ ಹೂಂ ಅನ್ನು, ಸಾಕು."

"ಹೂಂ" ಅಂದ. ಆ ಹೂಂ ಕೇಳಿದವರಿಗೆ ಗೊತ್ತಾಗುತ್ತಿತ್ತು, ಇದು ಗಾಜಿನ ಮಾತಲ್ಲ ಅಂತ. ಅವಳ ಕಿವಿ ಕೆಂಪಾಯಿತು. ನನ್ನ ಕಡೆ ತಿರುಗಿ, "ಯಾವುದು ಅಕ್ಕಾ ಇವತ್ತು ಹೊರೋದು?" ಅಂತ ಒರಟಾಗಿ ಕೇಳಿದಳು.

ಪ್ರೀತಿಯಾಯಿತು. ಇಬ್ಬರೂ ಒಂಟಿ, ಇಬ್ಬರೂ ನೊಂದವರು, ಆಗಲಿ ಅಂತ ನಾನೂ ಹಾರೈಸಿದೆ. ಆದರೆ ಅವರ ಪ್ರೀತಿಯ ರೀತಿ ನೋಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಒಂದು ಸಂಜೆ ಏನೋ ಕೊಡಲು ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ಅವಳು ಕುರ್ಚಿ ಮೇಲೆ, ಅವನು ನೆಲದ ಮೇಲೆ, ಅವನ ಕೈ ಅವಳ ಮೊಣಕಾಲ ಮೇಲೆ. ಅಂಗೈಗೆ ಹೊಕ್ಕ ಗಾಜಿನ ಚೂರನ್ನು ಸೂಜಿಯಿಂದ ತೆಗೆಯುತ್ತಿದ್ದಳು. ನಮ್ಮ ಕಸುಬಿನಲ್ಲಿ ಇದು ದಿನದ ಕೆಲಸ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತೇವೆ. ಅವಳು ಮುಗಿಸುತ್ತಿರಲಿಲ್ಲ. ಸೂಜಿ ಇಡುವುದು, ತೆಗೆಯುವುದು, ಅವನ ಮುಖ ನೋಡುವುದು.

"ಅಲ್ಲಾಡಿದ್ರೆ ಇವತ್ತು ಕೆಳಗೆ ಹೋಗಿ ಮಲಗ್ಬೇಕು" ಅಂದಳು ಮೆತ್ತಗೆ.

ಅವನು ಅಲ್ಲಾಡಲಿಲ್ಲ. ಅಂಗೈಯಿಂದ ರಕ್ತ ಮಣಿಕಟ್ಟಿಗೆ ಇಳಿಯುತ್ತಿತ್ತು. ಕಣ್ಣು ಮುಚ್ಚಿದ ಅವನ ಮುಖದಲ್ಲಿ, ಅಯ್ಯೋ ಏನು ಹೇಳಲಿ, ತೊಟ್ಟಿಲಲ್ಲಿ ಮಲಗಿದ ಮಗುವಿನ ನೆಮ್ಮದಿ. ಅವಳು ಬಗ್ಗಿ ಆ ರಕ್ತಕ್ಕೆ ತುಟಿ ಒತ್ತಿದಳು. ನಾನು ಬಂದ ದಾರಿಗೆ ಸುಂಕವಿಲ್ಲ ಅಂತ ಇಳಿದು ಬಂದೆ.

ಮರುದಿನ ಅವನನ್ನು ಹಿಡಿದು ನಿಲ್ಲಿಸಿ ಕೇಳಿದೆ. "ಏನೋ ಇದು? ನಿಂಗೆ ಬೇಡ ಅನ್ನೋಕೆ ಬರಲ್ವಾ?"

"ಬರುತ್ತೆ ಅಕ್ಕಾ. ಬೇಡ ಅಂದ್ರೆ ನಿಲ್ಲಿಸ್ತಾಳೆ. ಒಂದ್ಸಲ ಅಂದಿದ್ದೆ, ನಿಲ್ಲಿಸಿದ್ಲು. ಆಮೇಲೆ ನಾನೇ ಕೇಳ್ಕೊಂಡೆ." ಅಂಗೈಯ ಗಾಯ ನೋಡಿಕೊಳ್ಳುತ್ತ ಮತ್ತೆ ಹೇಳಿದ. "ಅವತ್ತು ಆಸ್ಪತ್ರೇಲಿ ಮಾಡಿ ಅಂದವನು ನಾನು. ಆಮೇಲಿಂದ ಯಾವ ಅಂಗಿ ಹಾಕ್ಕೊಳ್ಳಲಿ ಅನ್ನೋದನ್ನೂ ತೀರ್ಮಾನ ಮಾಡೋಕೆ ಆಗ್ತಿರಲಿಲ್ಲ. ಇವಳು ಹೇಳಿದ್ರೆ ಎದೆ ಹಗುರಾಗುತ್ತೆ. ನಂಗಿದು ಬೇಕು ಅಕ್ಕಾ."

ಬೇಕು ಅನ್ನುವವನಿಗೆ ನಾನೇನು ಹೇಳಲಿ? ಅವಳಿಗೆ ಹೇಳೋಣ ಅಂದರೆ ಅವಳು ದಿನದಿಂದ ದಿನಕ್ಕೆ ಕಲ್ಲಾಗುತ್ತಿದ್ದಳು. ಲಾರಿಯಿಂದ ಗಾಜು ಇಳಿಸುವಾಗ ಹಲಗೆಯ ತುದಿಗೆ ಅವನ ಹಿಮ್ಮಡಿ ಬರುವ ತನಕ ಸುಮ್ಮನಿದ್ದು, ಕೊನೆಯ ಗಳಿಗೆಯಲ್ಲಿ 'ನಿಲ್ಲು' ಅನ್ನುವಳು. ನೋಡುವವರ ಎದೆ ಧಸಕ್ಕೆನ್ನುತ್ತಿತ್ತು, ಅವನ ಕತ್ತು ಮಾತ್ರ ಅಲುಗುತ್ತಿರಲಿಲ್ಲ. ಒಂದು ಮಧ್ಯಾಹ್ನ "ನಾನು ಹೇಳೋ ತನಕ ಡಬ್ಬಿ ಬಿಚ್ಚಬೇಡ" ಅಂದು ಹೊರಗೆ ಹೋದವಳು ಸಂಜೆ ಬಂದಳು. ಡಬ್ಬಿ ಮುಂದಿಟ್ಟುಕೊಂಡು ಅವನು ಹಾಗೇ ಕೂತಿದ್ದ. ನನಗೆ ಪಿತ್ತ ನೆತ್ತಿಗೇರಿತು.

"ಏನೇ ಇದು? ಅವನೇನು ನಾಯಿನಾ?"

"ನಾಯಿಯಾಗಿದ್ರೆ ಇಷ್ಟೊತ್ತಿಗೆ ತಿಂದಿರ್ತಿತ್ತು ಅಕ್ಕಾ" ಅಂದಳು. ಅವನ ಪಕ್ಕ ಕೂತು, ಡಬ್ಬಿ ಬಿಚ್ಚಿ, ತನ್ನ ಕೈಯಾರೆ ತುತ್ತು ಮಾಡಿ ಬಾಯಿಗಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ಅದೇ ನನಗೆ ಅರ್ಥವಾಗದ್ದು. ಹಿಂಸೆ ಕೊಡುವವಳಿಗೆ ಸಂತೋಷವಾದರೂ ಇರಬೇಡವೇ? ಅವಳಿಗೆ ಒಂದೇ ಹುಚ್ಚು: ತನ್ನನ್ನು ನಂಬುವ ಗಂಡಸು ಇದ್ದಾನೆ ಅಂತ ಸಾಬೀತಾಗಬೇಕು. ಎಷ್ಟು ಸಲ ಸಾಬೀತಾದರೂ ಸಾಲದು.

ಅಷ್ಟರಲ್ಲಿ ಆ ಕಟ್ಟಡದ ಕೆಲಸ ಮತ್ತೆ ನನ್ನ ಅಂಗಡಿಗೇ ಬಂತು. ಸಾವಾದ ಮೇಲೆ ನಿಂತುಹೋಗಿದ್ದ ಕೆಲಸ, ಅದೇ ಕಿಟಕಿ, ಅದೇ ಮೆಟ್ಟಿಲು, ಕಂಬಿ ಇನ್ನೂ ಹಾಕಿರಲಿಲ್ಲ. ಕಂಬಿ ಹಾಕಿದ ಮೇಲೆ ನೋಡೋಣ ಅಂತ ನಾನು ಹೇಳಿ ಕಳಿಸಿದ್ದೆ. ಬಾಯಮ್ಮ ಕೇಳಿಸಿಕೊಂಡಳು. ಡೈಮಂಡ್‌ನನ್ನು ನನ್ನ ಎದುರಿಗೇ ಕರೆದಳು.

"ಮದುವೆ ಆಗೋಣ್ವಾ ಅಂತ ನೀನು ಕೇಳಿದ್ದೆ ಅಲ್ವಾ? ಆ ತಿರುವಿನಲ್ಲಿ ಗಾಜು ಹಿಡ್ಕೊಂಡು ಹತ್ತು. ಏನೇ ಆಗ್ಲಿ ತಿರುಗಬೇಡ. ತಿರುಗದೆ ಮೇಲೆ ಹೋದ್ರೆ ಸಾಯೋ ತನಕ ನಿನ್ನ ಜೊತೆ ಬಾಳ್ತೀನಿ. ತಿರುಗಿದ್ರೆ ಮತ್ತೆ ನನ್ನ ಮುಖ ನೋಡ್ಬೇಡ."

ಅವನು ಅವಳನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. "ಹೂಂ" ಅಂದ.

ನಾನು ಬಾಯಿಗೆ ಬಂದ ಹಾಗೆ ಬೈದೆ. ನನ್ನ ಅಂಗಡಿಯಿಂದ ಒಂದು ಚೂರು ಗಾಜೂ ಹೊರಗೆ ಹೋಗುವುದಿಲ್ಲ ಅಂದೆ. ಮೊದಲ ಸಲ ಇಳಿಸಿದ್ದ ಗಾಜು ಆ ಕಟ್ಟಡದಲ್ಲೇ ಉಳಿದಿತ್ತು, ನಡೆದುಕೊಂಡು ಹೊರಟೇಬಿಟ್ಟರು. ಮನೆಯಲ್ಲಿ ಕೂತು ಉಗುರು ಕಚ್ಚುವವಳಲ್ಲ ನಾನು, ಬೈಯುತ್ತಲೇ ಹಿಂದೆ ಹೋದೆ. ಗಾಜು ಎತ್ತಿಬಿಟ್ಟ ಮೇಲೆ ಬೈಯಲೂ ಆಗುವುದಿಲ್ಲವಲ್ಲ, ಕಟ್ಟಳೆ ನಮ್ಮಪ್ಪನದು. ಬಾಯಿ ಬಿಗಿಹಿಡಿದು ಮೆಟ್ಟಿಲ ಕೆಳಗೆ ನಿಂತೆ.

"ಮೆಟ್ಟಿಲು. ಬಾ. ಬಾ. ಬಾ." ಅವಳ ದನಿ ಖಾಲಿ ಕಟ್ಟಡವನ್ನೆಲ್ಲ ತುಂಬಿತು. ಅವನು ಹಿಮ್ಮುಖವಾಗಿ ಹತ್ತಿದ. ತಿರುವು ಮುಟ್ಟಿದ. ಈಗ ನಿಲ್ಲು ಅನ್ನಬೇಕು, ಆಮೇಲೆ ಎಡಕ್ಕೆ ಅನ್ನಬೇಕು. ಅವಳು ಅನ್ನಲಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಇಟ್ಟ. ಲಾರಿಯ ಆಟ ಆಡುತ್ತಿದ್ದಾಳೆ ಅಂದುಕೊಂಡೆ. ಇನ್ನೊಂದು ಹೆಜ್ಜೆ ಇಟ್ಟ. ಅವಳ ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಅವನ ಹಿಮ್ಮಡಿ ಅಂಚಿನಲ್ಲಿತ್ತು. ಕಟ್ಟಳೆ ಹಾಳಾಗಿ ಹೋಗಲಿ ಅಂತ ನಾನು ಕಿರುಚಿದೆ. "ನಿಲ್ಲೋ! ನಿಲ್ಲೋ ಮುಂಡೇದೇ!"

ಅವನು ನಿಲ್ಲಲಿಲ್ಲ. ನಾನು ಅವನ ಬಾಯಿ ಅಲ್ಲವಲ್ಲ. ಅವಳನ್ನೂ ಎಳೆಯದ ಹಾಗೆ ಗಾಜನ್ನು ಮಾತ್ರ ಕೈಬಿಟ್ಟು, ಅವಳ ಮುಖವನ್ನೇ ನೋಡುತ್ತ, ಕತ್ತು ತಿರುಗಿಸದೆ, ಮುಂದಿನ ಹೆಜ್ಜೆಯನ್ನು ಗಾಳಿಯ ಮೇಲೆ ಇಟ್ಟ.

ಸಾಯಲಿಲ್ಲ. ಕೆಳಗಿನ ನೆಲಕ್ಕೆ ಬಿದ್ದು ಸೊಂಟ ಒಡೆಯಿತು, ಬಲಗಾಲು ನುಜ್ಜುಗುಜ್ಜಾಯಿತು. ಅವನಿಗೆ ಎಚ್ಚರ ಬಂದಾಗ ಮಂಚದ ಆ ಕಡೆ ನಾನು, ಈ ಕಡೆ ಅವಳು. ಅವಳ ಕೈಗೆ ಗಾಜು ತಾಗಿ ಪಟ್ಟಿ ಕಟ್ಟಿದ್ದರು.

"ಕೊನೇ ಹೆಜ್ಜೇಲಿ ಕೂಗೋಣ ಅಂತಿದ್ದೆ. ಬಾಯಿ ಬರ್ಲಿಲ್ಲ" ಅಂದಳು.

"ಗೊತ್ತು" ಅಂದ.

"ನಿಂಗೆ ಏನೂ ಗೊತ್ತಿಲ್ಲ. ನನ್ನ ಗಂಡ ಸತ್ತ ದಿನಾನೂ ನಾನು ಕೂಗಿರಲಿಲ್ಲ." ಪಟ್ಟಿ ಕಟ್ಟಿದ ಕೈಯಿಂದ ಮಂಚದ ಕಂಬಿ ಹಿಡಿದಳು. "ಬೆಳಿಗ್ಗೆ ಕೆಲಸದವರ ಮುಂದೆಲ್ಲ ನನ್ನ ಕೂಗನ್ನ ಅಣಕಿಸಿ ನಗಿಸಿದ್ದ. ಒಂದು ಗಳಿಗೆ ಹೆದರಲಿ ಅಂತ ಬೇಕಂತಲೇ ಸುಮ್ನಿದ್ದೆ. ನಿಲ್ಲು ಅನ್ಲಿಲ್ಲ. ಅದಕ್ಕೇ ತಿರುಗಿ ನೋಡ್ದ."

"ಅದೂ ಗೊತ್ತು."

ಅವಳು ಅವನನ್ನು ಮಿಕಮಿಕ ನೋಡಿದಳು.

"ನಾನು ಕೆಳಗಡೆ ಚೀಲ ಹಿಡ್ಕೊಂಡು ನಿಂತಿದ್ದೆ ಅಲ್ವಾ? ನಿಲ್ಲು ಅನ್ನೋದು ಕೇಳಿಸಲೇ ಇಲ್ಲ" ಅಂದ. ಬೈಗುಳವಿಲ್ಲ, ಅಳುವಿಲ್ಲ, ಟೀ ಕುಡಿದೆ ಅಂದ ಹಾಗೆ.

"ಗೊತ್ತಿದ್ದೂ... ಗೊತ್ತಿದ್ದೂ ಯಾಕೆ ಹೋದೆ? ತಿರುಗಿ ನೋಡ್ಬಾರದಿತ್ತಾ?"

"ತಿರುಗಬೇಡ ಅಂದಿದ್ದೆ ನೀನು."

ಅವಳು ಮಂಚದ ಕಂಬಿಗೆ ಹಣೆ ಒತ್ತಿ ಅತ್ತಳು. ಗಂಡ ಸತ್ತಾಗ ಅಳದಿದ್ದುದೆಲ್ಲ ಸೇರಿ ಬಂತು. ಅವನು ಅವಳ ತಲೆ ಸವರಲು ಕೈ ಎತ್ತಿದ, ಮತ್ತೆ ಅರ್ಧದಲ್ಲೇ ನಿಲ್ಲಿಸಿ ಕೇಳಿದ. "ಮುಟ್ಲಾ?" ಅವಳು ಅಳುತ್ತಲೇ ಇದ್ದಳು. ಕೈ ಹಾಗೇ ಗಾಳಿಯಲ್ಲಿ ನಿಂತಿತು. ಇಳಿಯಲಿಲ್ಲ. ಕೊನೆಗೆ ಅವಳು ತಲೆ ಎತ್ತಿ ನೋಡಿ, "ಮುಟ್ಟು" ಅನ್ನಲೇಬೇಕಾಯಿತು.

ಅಷ್ಟು ದಿನ ಅವನನ್ನು ನಾನು ಪಾಪದವನು ಅಂದುಕೊಂಡಿದ್ದೆ. ಅವತ್ತು ನನ್ನ ಕಣ್ಣು ತೆರೆಯಿತು. ಬಾಯಮ್ಮನ ಕ್ರೂರತನ ಕೂಗಿ ಹೇಳುವಂಥದ್ದು, ಬೀದಿಯವರಿಗೆಲ್ಲ ಕೇಳಿಸುತ್ತಿತ್ತು. ಇವನದು ಹೂಂ ಅನ್ನುವ ಕ್ರೂರತನ. ದೋಸ್ತಿ ಯಾಕೆ ಸತ್ತ ಅಂತ ಗೊತ್ತಿದ್ದೂ ಅವಳ ಕೈಯಿಂದ ಊಟ ತಿಂದ, ಅವಳ ಪಕ್ಕ ಮಲಗಿದ, ಒಂದು ಮಾತು ಆಡಲಿಲ್ಲ. ಆಡಿದ್ದರೆ ಅವಳು ಅತ್ತು, ಕ್ಷಮೆ ಕೇಳಿ, ಎಂದೋ ಮನುಷ್ಯಳಾಗುತ್ತಿದ್ದಳು. ಆಡಲಿಲ್ಲ. ಆಡಿದ್ದರೆ ಅವಳು ಅಪ್ಪಣೆ ಕೊಡುವುದನ್ನು ನಿಲ್ಲಿಸಿಬಿಡುತ್ತಿದ್ದಳು, ಅದು ಇವನಿಗೆ ಬೇಕಿರಲಿಲ್ಲ.

"ನೀನು ಮಾತು ಕೊಟ್ಟಿದ್ದೆ" ಅಂದ, ಆಸ್ಪತ್ರೆಯಿಂದ ಬಿಡುವ ದಿನ. "ತಿರುಗದಿದ್ರೆ ಸಾಯೋ ತನಕ ಬಾಳ್ತೀನಿ ಅಂತ. ನಾನು ತಿರುಗಲಿಲ್ಲ."

ಮದುವೆಗೆ ನಾನೇ ಸಾಕ್ಷಿ ಸಹಿ ಹಾಕಿದೆ. ಹಾಕುವಾಗ ಅವಳ ಕಿವಿಯಲ್ಲಿ, "ಓಡಿ ಹೋಗೇ, ನಾನು ನೋಡ್ಕೋತೀನಿ ಇವನನ್ನ" ಅಂದೆ. ತಲೆ ಅಲ್ಲಾಡಿಸಿದಳು. ಪ್ರೀತಿ ಇತ್ತಲ್ಲ, ಹಾಳಾದ್ದು, ಅದೂ ಸುಳ್ಳಾಗಿರಲಿಲ್ಲ.

ಈಗ ದಿನಾ ಬೆಳಿಗ್ಗೆ ಅವರನ್ನು ಅಂಗಡಿಯ ಮುಂದೆ ನೋಡುತ್ತೇನೆ. ಅವನು ಊರುಗೋಲು ಹಿಡಿದು ಮುಂದೆ, ಅವಳು ಹಿಂದೆ. ಡಾಕ್ಟರು ಕಾಲು ಸರಿಹೋಗಿದೆ, ತಾನೇ ನಡೆಯಬಲ್ಲ ಅಂತಾರೆ. ಅವನು ನಡೆಯುವುದಿಲ್ಲ. ಅವಳು 'ಬಾ' ಅಂದರೆ ಕಾಲು ಎತ್ತುತ್ತಾನೆ, 'ನಿಲ್ಲು' ಅನ್ನುವ ತನಕ ನಿಲ್ಲುವುದಿಲ್ಲ. ಒಮ್ಮೆ ರೋಸಿಹೋಗಿ, ಏನು ಮಾಡುತ್ತಾನೋ ನೋಡೋಣ ಅಂತ ರಸ್ತೆ ದಾಟುವಲ್ಲಿ ಸುಮ್ಮನಾದಳು. ಅವನು ಸೀದಾ ಲಾರಿಯ ಮುಂದಕ್ಕೆ ನಡೆದ. ಅವಳು ಕಿರುಚಿದ ಕಿರುಚಾಟಕ್ಕೆ ನಾನು ಅಂಗಡಿಯಿಂದ ಓಡಿ ಬಂದೆ. ಲಾರಿಯವನು ಬ್ರೇಕ್ ಹಾಕಿ ಇಬ್ಬರ ವಂಶವನ್ನೂ ಬೈಯುತ್ತಿದ್ದ. ನಡುರಸ್ತೆಯಲ್ಲಿ ನಿಂತ ಅವನು ಅವಳ ಮುಂದಿನ ಮಾತಿಗೆ ಕಾಯುತ್ತಿದ್ದ. ಅವತ್ತಿನಿಂದ ಅವಳು ಒಂದು ಗಳಿಗೆ ಸುಮ್ಮನಿದ್ದಿಲ್ಲ. ಎದ್ದೇಳು, ತಿರುಗು, ಅಗಿ, ನುಂಗು, ಮಲಗು. ಎಲ್ಲಕ್ಕೂ ಅವಳೇ ಬೇಕು.

ಸೈಕಲ್ ನಿಲ್ಲಿಸುತ್ತಿದ್ದ ಆ ಗಂಟಲು ಹೋಗಿದೆ. ಮಾತು ಕಮ್ಮಿ ಮಾಡಿ, ಇಲ್ಲದಿದ್ದರೆ ದನಿಯೇ ಉಳಿಯುವುದಿಲ್ಲ ಅಂದಿದ್ದಾರಂತೆ ಡಾಕ್ಟರು. ನಿನ್ನೆ ಇಬ್ಬರನ್ನೂ ಕರೆದು ಕೂರಿಸಿ ಟೀ ಕೊಟ್ಟೆ. ಅವನ ಲೋಟ ಮುಂದೆಯೇ ಆರುತ್ತಿತ್ತು.

"ಅಲ್ವೋ, ಅವಳಿಗೆ ಸ್ವಲ್ಪ ಉಸಿರಾಡೋಕಾದ್ರೂ ಬಿಡೋ" ಅಂದೆ. "ಗಂಟಲು ನೋಡು ಏನಾಗಿದೆ. ಈ ಟೀ ಒಂದನ್ನಾದ್ರೂ ನೀನಾಗೇ ಕುಡಿಬಾರದಾ?"

ಅವನು ನನ್ನನ್ನು ನೋಡಿ ನಕ್ಕ. ಆಸ್ಪತ್ರೆಯಲ್ಲಿ ಮೊದಲ ಹೆಂಡತಿ ಹೋಗುವ ಮುಂಚೆ ನಗುತ್ತಿದ್ದನಲ್ಲ, ಅಂಥ ಒಳ್ಳೆಯ ನಗು.

"ಅವಳು ಹೇಳಲಿ ಅಕ್ಕಾ. ನೀನಾಗೇ ಕುಡಿ ಅಂತ ಹೇಳಲಿ, ಕುಡೀತೀನಿ."

ನಾನು ಅವಳ ಕಡೆ ನೋಡಿದೆ. ಅವಳು ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡು, ನುಂಗಲಾರದೆ ಉಗುಳು ನುಂಗಿ, ಅವನ ಲೋಟದ ಕಡೆ ತಿರುಗಿದಳು.

"ಕುಡಿ" ಅಂದಳು. ಬರೀ ಗಾಳಿ ಬಂತು. ಅವನಿಗೆ ಕೇಳಿಸಿತು, ಕುಡಿದ.